ಹಳ್ಳಿಗೆ ಬೇಕಾದ ಪ್ರಶ್ನೆ, ವಿದ್ಯಾರ್ಥಿ ಮಾಡಬಹುದಾದ ಅಧ್ಯಯನ

(ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ಹಳ್ಳಿಗಳಿಗೆ ಹೊರಟ ಅಂತಿಮ ವರ್ಷದ ಕೃಷಿ ವಿದ್ಯಾರ್ಥಿಗಳು, ಅವರನ್ನು ಬರಮಾಡಿಕೊಳ್ಳುವ ಹಳ್ಳಿಗಳ ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಕೆಲವು ವಾರಗಳ ಕಾಲ ಹಳ್ಳಿಯಲ್ಲೇ ನೆಲೆಸಿ ಬೇಸಾಯವನ್ನು ಕಣ್ಣಾರೆ ಕಂಡು ಕಲಿಯುವುದು ವಾಡಿಕೆ. ಬೀಜೋಪಚಾರ, ಮಣ್ಣಿನ ಮಾದರಿ ತೆಗೆಯುವುದು, ಬೆಳೆ ಪ್ರಾತ್ಯಕ್ಷಿಕೆ ಮುಂತಾದ ಕೆಲಸಗಳ ಜೊತೆಗೆ ಹಳ್ಳಿಯ ಜನಜೀವನದ ಬಗ್ಗೆಯೂ ಅವರು ಮಾಹಿತಿ ಕಲೆಹಾಕುತ್ತಾರೆ. ಈ ಎರಡನೆಯ ಕೆಲಸದ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮಣ್ಣು, ಬೀಜ, ಗೊಬ್ಬರಗಳ ಸಂಶೋಧನೆ ಎಲ್ಲರಿಗೂ ಅರ್ಥವಾಗುತ್ತದೆ. ಮನುಷ್ಯರ ಬಗ್ಗೆ ನಡೆಸುವ ಸಂಶೋಧನೆ, ಅಂದರೆ ಸಮಾಜ ವಿಜ್ಞಾನದ ಅಧ್ಯಯನ, ರೈತನಿಗೆ ಯಾವ ಉಪಯೋಗಕ್ಕೆ ಬಂದೀತು ಎಂಬ ಅನುಮಾನ ಮಾತ್ರ ಅನೇಕರಲ್ಲಿದೆ.

ಅನುಮಾನಕ್ಕೆ ಕಾರಣವೂ ಇದೆ. ಹಳ್ಳಿಗಳಲ್ಲಿ ಹಿರಿಯರು ಹೇಳುವ ಮಾತನ್ನು ಕೇಳಿ: “ವರ್ಷಾ ವರ್ಷಾ ಹುಡುಗರು ಬರುತ್ತಾರೆ. ಎಷ್ಟು ಎಕರೆ, ಎಷ್ಟು ದನ, ಎಷ್ಟು ಸಾಲ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಬರೆದುಕೊಂಡದ್ದು ಏನಾಯಿತೋ ನಮಗೆ ಗೊತ್ತಿಲ್ಲ.” ಈ ದೂರು ನ್ಯಾಯವಾದದ್ದು. ಹೊಲದ ಕೆಲಸ ಬಿಟ್ಟು ಒಂದು ಗಂಟೆ ಕುಳಿತು ಉತ್ತರ ಕೊಡುವ ರೈತನೂ ಆ ಸಂಶೋಧನೆಗೆ ಬಂಡವಾಳ ಹಾಕಿದ್ದಾನೆ. ಅವನಿಗೆ ಫಲ ಸಿಗಬೇಡವೇ? ಆದ್ದರಿಂದ ನನ್ನ ಮಾತಿನ ಸಾರ ಇಷ್ಟೇ. ವಿದ್ಯಾರ್ಥಿಯು ಹಳ್ಳಿಗೇ ಉತ್ತರ ಬೇಕಾಗಿರುವ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಲಿ, ಅದನ್ನು ಇದ್ದ ಕಾಲದಲ್ಲೇ ಮುಗಿಸಲಿ, ಸಿಕ್ಕ ಉತ್ತರವನ್ನು ಅದೇ ಹಳ್ಳಿಯ ಕಟ್ಟೆಯ ಮೇಲೆ ನಿಂತು ಹೇಳಿ ಬರಲಿ.

ವಿದ್ಯಾರ್ಥಿಗಳ ಕೆಲಸವೂ ಬಾಳುತ್ತದೆ

ವಿದ್ಯಾರ್ಥಿಗಳು ಮಾಡುವ ಸಣ್ಣ ಅಧ್ಯಯನಕ್ಕೆ ಏನು ಬೆಲೆ ಎಂದು ಯಾರೂ ಹಗುರವಾಗಿ ಎಣಿಸಬಾರದು. ಮದರಾಸು ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗಿಲ್ಬರ್ಟ್ ಸ್ಲೇಟರ್ ಅವರು 1916ರಲ್ಲಿ ತಮ್ಮ ವಿದ್ಯಾರ್ಥಿಗಳ ಕೈಗೆ ಪ್ರಶ್ನೆಗಳ ಪಟ್ಟಿ ಕೊಟ್ಟು, ರಜೆಯಲ್ಲಿ ಅವರವರ ಊರುಗಳನ್ನೇ ಅಧ್ಯಯನ ಮಾಡಿ ಬರುವಂತೆ ಹೇಳಿದರು. ಯಾರಿಗೆ ಎಷ್ಟು ಭೂಮಿ, ಕೂಲಿ ಎಷ್ಟು, ಸಾಲ ಎಷ್ಟು, ಯಾವ ಬೆಳೆ ಎಂದು ಹುಡುಗರು ಬರೆದು ತಂದರು. ಅವು 1918ರಲ್ಲಿ ಪುಸ್ತಕವಾಗಿ ಬಂದವು. ಆ ಊರುಗಳಲ್ಲಿ ಕೆಲವನ್ನು 1936-37ರಲ್ಲಿ ಮತ್ತೆ ಅಧ್ಯಯನ ಮಾಡಲಾಯಿತು. ತಮಿಳುನಾಡಿನ ಇರುವೇಲ್ಪಟ್ಟು ಎಂಬ ಊರನ್ನು ಅನಂತರವೂ ವಿದ್ವಾಂಸರು ಹಲವು ಬಾರಿ ಹೊಕ್ಕು ನೋಡಿದ್ದಾರೆ. ಒಂದು ಶತಮಾನದಲ್ಲಿ ಹಳ್ಳಿ ಹೇಗೆ ಬದಲಾಯಿತೆಂದು ಇಂದು ನಿಖರವಾಗಿ ಹೇಳಲು ಸಾಧ್ಯವಾಗಿದ್ದರೆ, ಅದಕ್ಕೆ ತಳಹದಿ ಹಾಕಿದವರಲ್ಲಿ ರಜೆಗೆ ಊರಿಗೆ ಹೋದ ವಿದ್ಯಾರ್ಥಿಗಳೂ ಸೇರಿದ್ದಾರೆ.

ಇನ್ನೊಂದು ಉದಾಹರಣೆ ನಮ್ಮ ಮಂಡ್ಯ ಜಿಲ್ಲೆಯದೇ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಮಹಿಳೆ 1954ರಿಂದ 1956ರವರೆಗೆ ಅಲ್ಲಿನ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. ಊರಿನವರಿಗೆ ತೊಂದರೆಯಾಗಬಾರದೆಂದು ತಮ್ಮ ಗ್ರಂಥದಲ್ಲಿ ಅವುಗಳನ್ನು ವಂಗಲ, ದಲೇನ ಎಂಬ ಬೇರೆ ಹೆಸರುಗಳಿಂದ ಕರೆದರು. ವಂಗಲಕ್ಕೆ ಕಾಲುವೆಯ ನೀರು ಬಂದಿತ್ತು. ದಲೇನದ ಜಮೀನು ಎತ್ತರದಲ್ಲಿದ್ದುದರಿಂದ ಅಲ್ಲಿಗೆ ನೀರು ಏರಲಿಲ್ಲ. ನೀರು ಬಂದ ಊರೇ ಹೆಚ್ಚು ಬದಲಾಗಿರುತ್ತದೆ ಎಂದು ನಾವೆಲ್ಲ ಎಣಿಸುತ್ತೇವೆ. ಅವರು ಕಂಡದ್ದು ಬೇರೆ. ನೀರು ಬಂದ ಊರಿನಲ್ಲಿ ಕಬ್ಬು ಬಂತು, ಹಣ ಬಂತು, ಆದರೆ ಬೇಸಾಯದ ಸುತ್ತ ಹೆಣೆದಿದ್ದ ಒಡೆಯ-ಆಳುಗಳ ಹಳೆಯ ಸಂಬಂಧ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ನೀರು ಬಾರದ ಊರಿನವರು ಕೆಲಸ, ವ್ಯಾಪಾರ, ಗುತ್ತಿಗೆ ಎಂದು ಹೊರಗೆ ಹೋದರು. ಹಳೆಯ ಕಟ್ಟುಪಾಡು ಸಡಿಲವಾದದ್ದು ಅಲ್ಲಿಯೇ ಹೆಚ್ಚು. ಮನೆಯಲ್ಲಿ ಕುಳಿತು ಊಹಿಸಿದ್ದರೆ ಈ ಮಾತು ಹೊಳೆಯುತ್ತಿರಲಿಲ್ಲ. ಪಕ್ಕಪಕ್ಕದ ಎರಡು ಊರುಗಳನ್ನು ಒಂದೇ ಅಳತೆಯಿಂದ ಅಳೆದದ್ದರಿಂದ ಹೊಳೆಯಿತು. ಎರಡನ್ನು ಹೋಲಿಸಿ ನೋಡುವುದು ಸಣ್ಣ ಅಧ್ಯಯನಕ್ಕೂ ಒಳ್ಳೆಯ ದಾರಿ.

ಪ್ರಶ್ನೆ ಹೇಗಿರಬೇಕು?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. “ಗ್ರಾಮೀಣ ಸಮಾಜದ ಮೇಲೆ ಆಧುನಿಕತೆಯ ಪರಿಣಾಮ” ಎಂಬಂಥ ವಿಷಯ ಆರಿಸಿಕೊಂಡ ವಿದ್ಯಾರ್ಥಿ ಎರಡು ತಿಂಗಳಲ್ಲಿ ಏನನ್ನೂ ಮುಗಿಸಲಾರ. “ಈ ಊರಿನಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಕೊಳವೆ ಬಾವಿ ಕೊರೆದರು, ಎಷ್ಟರಲ್ಲಿ ಇಂದಿಗೂ ನೀರಿದೆ” ಎಂಬ ಪ್ರಶ್ನೆಯನ್ನು ಮುಗಿಸಬಲ್ಲ. ಪ್ರಶ್ನೆ ಆರಿಸುವಾಗ ಮೂರು ಪರೀಕ್ಷೆ ಮಾಡಿ. ಎಣಿಸಲು, ಅಳೆಯಲು ಅಥವಾ ಕೇಳಿ ತಿಳಿಯಲು ಸಾಧ್ಯವೇ? ಇರುವ ದಿನಗಳಲ್ಲಿ ಮುಗಿದೀತೇ? ಉತ್ತರ ಸಿಕ್ಕರೆ ಊರಿನವರು ಯಾವುದಾದರೂ ಒಂದು ನಿರ್ಧಾರವನ್ನು ಇನ್ನೂ ಚೆನ್ನಾಗಿ ಮಾಡಬಲ್ಲರೇ? ಮೂರಕ್ಕೂ ಹೌದೆಂದರೆ ಮಾತ್ರ ಮುಂದುವರಿಯಿರಿ.

ಊರಿಗೆ ಹೋದ ಮೊದಲ ವಾರ ಪ್ರಶ್ನಾವಳಿಯನ್ನು ಚೀಲದಲ್ಲೇ ಇಟ್ಟುಕೊಳ್ಳಿ. ಡೈರಿಯ ಮುಂದೆ, ಅಂಗಡಿಯ ಕಟ್ಟೆಯ ಮೇಲೆ, ಕಳೆ ಕೀಳುವ ಹೊಲದಲ್ಲಿ ಜನ ಏನು ಮಾತಾಡಿಕೊಳ್ಳುತ್ತಾರೆ ಎಂದು ಕೇಳಿ. ಯಾವ ವಿಷಯ ಪದೇ ಪದೇ ಬರುತ್ತದೆಯೋ ಅಲ್ಲಿ ನಿಮ್ಮ ಪ್ರಶ್ನೆ ಇದೆ. ನಿಮ್ಮ ಅನುಕೂಲಕ್ಕಾಗಿ ಕೆಲವು ವಿಷಯಗಳನ್ನು ಸೂಚಿಸುತ್ತೇನೆ.

1. ಬೆಳೆಯ ನಿಜವಾದ ಖರ್ಚು

ಒಂದು ಕ್ವಿಂಟಲ್ ರಾಗಿ ಅಥವಾ ಭತ್ತ ಬೆಳೆಯಲು ರೈತನಿಗೆ ಎಷ್ಟು ಖರ್ಚಾಗುತ್ತದೆ? ಸುಲಭವಾಗಿ ಕಾಣುವ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬೆಂಬಲ ಬೆಲೆಯನ್ನು ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ಖರ್ಚನ್ನು ಹಲವು ಬಗೆಯಾಗಿ ಲೆಕ್ಕ ಹಾಕುತ್ತದೆ. ಬೀಜ, ಗೊಬ್ಬರ, ಕೂಲಿ, ಬಾಡಿಗೆ, ಗುತ್ತಿಗೆಗೆ ಪಡೆದ ಜಮೀನಿನ ಗೇಣಿ ಮುಂತಾಗಿ ರೈತ ಕೈಯಿಂದ ಕೊಟ್ಟದ್ದನ್ನು ಎ2 ಎನ್ನುತ್ತಾರೆ. ಮನೆಯವರ ದುಡಿಮೆಗೂ ಬೆಲೆ ಕಟ್ಟಿ ಸೇರಿಸಿದರೆ ಎ2 ಮತ್ತು ಕುಟುಂಬ ಶ್ರಮ. ಸ್ವಂತ ಭೂಮಿಯ ಗೇಣಿಯನ್ನೂ ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ಸಿ2. ಕೇಂದ್ರ ಸರ್ಕಾರವು 2018-19ರಿಂದ ಖರ್ಚಿನ ಒಂದೂವರೆ ಪಟ್ಟು ಬೆಂಬಲ ಬೆಲೆ ಎಂದು ಘೋಷಿಸಿದ್ದು ಎರಡನೆಯ ಲೆಕ್ಕದ ಮೇಲೆ. ರೈತ ಸಂಘಟನೆಗಳು ಕೇಳುತ್ತಿರುವುದು ಮೂರನೆಯ ಲೆಕ್ಕವನ್ನು. ಈ ವ್ಯತ್ಯಾಸ ಎಷ್ಟು ಜನ ರೈತರಿಗೆ ಗೊತ್ತು?

ವಿದ್ಯಾರ್ಥಿಯು ಹತ್ತು ಮನೆಗಳನ್ನು ಆರಿಸಿಕೊಂಡು, ಒಂದು ಬೆಳೆಗೆ ಈ ಮೂರು ಬಗೆಯ ಲೆಕ್ಕವನ್ನೂ ಹಾಕಲಿ. ಮನೆಯ ಕೊಟ್ಟಿಗೆ ಗೊಬ್ಬರ ಎಷ್ಟು ಗಾಡಿ, ಹೆಂಡತಿ ಮಕ್ಕಳು ಎಷ್ಟು ದಿನ ಹೊಲದಲ್ಲಿದ್ದರು, ಸ್ವಂತ ಎತ್ತುಗಳು ಎಷ್ಟು ದಿನ ದುಡಿದವು ಎಂಬುದನ್ನು ಬಿಡದೆ ಬರೆಯಲಿ. ಆದಾಯದ ಕಡೆ ಕಾಳನ್ನಷ್ಟೇ ಬರೆದರೆ ಸಾಲದು, ಹುಲ್ಲನ್ನೂ ಬರೆಯಬೇಕು. ಕೊನೆಗೆ ಆ ಹತ್ತು ಮನೆಯವರನ್ನು ಕೂಡಿಸಿ ಲೆಕ್ಕವನ್ನು ತೋರಿಸಲಿ. ಯಾವ ಖರ್ಚಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಹೆಚ್ಚು ವ್ಯತ್ಯಾಸವಿದೆಯೋ ಅಲ್ಲಿ ಚರ್ಚೆ ತಾನಾಗಿಯೇ ಹುಟ್ಟುತ್ತದೆ. ಇಂಥ ಒಂದು ಸಂಜೆಯ ಚರ್ಚೆಯಿಂದ ಅನೇಕ ಉಪನ್ಯಾಸಗಳಿಗಿಂತ ಹೆಚ್ಚು ಪ್ರಯೋಜನವಾದೀತು.

2. ಖಾತೆ ಯಾರ ಹೆಸರಿನಲ್ಲಿದೆ, ಸಾಗುವಳಿ ಯಾರದು?

ಪುಣೆಯ ಕೃಷಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಹೆರಾಲ್ಡ್ ಮನ್ ಅವರು ಆ ನಗರದ ಹತ್ತಿರದ ಪಿಂಪ್ಲಾ ಸೌದಾಗರ್ ಎಂಬ ಹಳ್ಳಿಯ ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. 1771ರಲ್ಲಿ ಅಲ್ಲಿನ ಸರಾಸರಿ ಹಿಡುವಳಿ 40 ಎಕರೆ ಇದ್ದದ್ದು 1915ರ ಹೊತ್ತಿಗೆ 7 ಎಕರೆಗೆ ಇಳಿದಿತ್ತು. ಇಡೀ ದೇಶದ ಲೆಕ್ಕ ನೋಡಿದರೆ, ಕೃಷಿ ಗಣತಿಯ ಪ್ರಕಾರ 1970-71ರಲ್ಲಿ ಸರಾಸರಿ ಹಿಡುವಳಿ 2.28 ಹೆಕ್ಟೇರ್ ಇತ್ತು, 2015-16ರಲ್ಲಿ 1.08 ಹೆಕ್ಟೇರ್‌ಗೆ ಇಳಿದಿತ್ತು.

ನಿಮ್ಮ ಊರಿನಲ್ಲಿ ಇದು ಹೇಗೆ ನಡೆಯಿತು? ಐದಾರು ಮನೆತನಗಳ ವಂಶವೃಕ್ಷ ಬರೆದು, ತಾತನ ಕಾಲದ ಜಮೀನು ಇಂದು ಎಷ್ಟು ಚೂರಾಗಿದೆ, ಒಂದು ಚೂರಿನಿಂದ ಇನ್ನೊಂದಕ್ಕೆ ಎಷ್ಟು ದೂರ, ಯಾವ ಚೂರಿಗೆ ದಾರಿಯೇ ಇಲ್ಲ ಎಂದು ನಕ್ಷೆ ಹಾಕಿ. ಜೊತೆಗೆ ಪಹಣಿಯನ್ನು ಎದುರಿಗಿಟ್ಟುಕೊಳ್ಳಿ. ತೀರಿಹೋದ ತಂದೆ ಅಥವಾ ತಾತನ ಹೆಸರಿನಲ್ಲೇ ಖಾತೆ ನಿಂತಿರುವ ಮನೆಗಳು ಎಷ್ಟು? ಪೌತಿ ಖಾತೆ ಏಕೆ ಆಗಿಲ್ಲ? ಅಣ್ಣತಮ್ಮಂದಿರ ಜಗಳವೇ, ಖರ್ಚೇ, ಓಡಾಟಕ್ಕೆ ಆಳಿಲ್ಲದ್ದೇ? ಬೇರೆಯವರ ಜಮೀನನ್ನು ವಾರಕ್ಕೋ ಗುತ್ತಿಗೆಗೋ ಮಾಡುವವರು ಎಷ್ಟು ಜನ? ಬೆಳೆ ಸಾಲ, ಬೆಳೆ ವಿಮೆ, ಬೆಳೆ ನಷ್ಟದ ಪರಿಹಾರ ಎಲ್ಲವೂ ದಾಖಲೆಯ ಹೆಸರನ್ನು ನೋಡಿ ಬರುತ್ತವೆ. ಹೊಲದಲ್ಲಿ ಬೆವರು ಸುರಿಸಿದವನ ಹೆಸರು ದಾಖಲೆಯಲ್ಲಿ ಇಲ್ಲದಿದ್ದರೆ ನಷ್ಟ ಅವನದು, ಪರಿಹಾರ ಇನ್ನೊಬ್ಬನದು. ಒಂದು ಊರಿನಲ್ಲಿ ಇಂಥವರು ಎಷ್ಟಿದ್ದಾರೆಂಬ ಸರಿಯಾದ ಪಟ್ಟಿ ಪಂಚಾಯಿತಿಯ ಕೈಯಲ್ಲಿದ್ದರೆ, ಕಂದಾಯ ಇಲಾಖೆಯ ಮುಂದೆ ಕೇಳಿಕೊಳ್ಳಲು ಆಧಾರ ಸಿಕ್ಕಂತಾಗುತ್ತದೆ.

ಒಂದು ಎಚ್ಚರಿಕೆ. ಜಮೀನಿನ ವಿಷಯ ಸೂಕ್ಷ್ಮವಾದದ್ದು. ಗುತ್ತಿಗೆ ಮಾಡುವವನ ಹೆಸರು ಹೊರಬಿದ್ದರೆ ಮುಂದಿನ ವರ್ಷ ಅವನಿಗೆ ಆ ಜಮೀನು ತಪ್ಪಬಹುದು. ಆದ್ದರಿಂದ ನಿಮ್ಮ ವರದಿಯಲ್ಲಿ ಎಣಿಕೆ ಇರಲಿ, ಹೆಸರು ಬೇಡ. ಯಾರು ತಾವಾಗಿಯೇ ಮುಂದೆ ಬಂದು ಹೆಸರು ಕೊಡುತ್ತಾರೋ ಅವರದಷ್ಟೇ ಪಂಚಾಯಿತಿಗೆ ಹೋಗಲಿ.

3. ಕೆರೆ, ನೀರುಗಂಟಿ ಮತ್ತು ಕೊಳವೆ ಬಾವಿ

ನಮ್ಮ ರಾಜ್ಯದ ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯಿಲ್ಲದ ಊರು ಅಪರೂಪ. ತೂಬು ತೆಗೆಯುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು ನೀರುಗಂಟಿಯ ಕೆಲಸವಾಗಿತ್ತು. ಸುಗ್ಗಿಯಲ್ಲಿ ಅವನಿಗೆ ಕಾಳು ಕೊಡುತ್ತಿದ್ದರು. ನಿಮ್ಮ ಊರಿನಲ್ಲಿ ನೀರುಗಂಟಿ ಇನ್ನೂ ಇದ್ದಾನೆಯೇ? ಇಲ್ಲದಿದ್ದರೆ ಎಂದು ನಿಂತುಹೋಯಿತು? ಈಗ ಸರದಿಯನ್ನು ಯಾರು ನಿರ್ಧರಿಸುತ್ತಾರೆ? ಕೊನೆಯ ಗದ್ದೆಗೆ ನೀರು ತಲಪುತ್ತದೆಯೇ? ಎಪ್ಪತ್ತು ದಾಟಿದ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕಾದ ವಿಷಯವಿದು.

ಕೊಳವೆ ಬಾವಿಯ ಲೆಕ್ಕದಲ್ಲಿ ಒಂದು ಮೋಸವಿದೆ. ಊರು ಸುತ್ತಿ ನೋಡಿದರೆ ನೀರು ಸುರಿಯುವ ಬಾವಿಗಳು ಮಾತ್ರ ಕಣ್ಣಿಗೆ ಬೀಳುತ್ತವೆ, ಬತ್ತಿದವು ಮುಚ್ಚಿಹೋಗಿರುತ್ತವೆ. ಹಾಗಾಗಿ ಪ್ರತಿ ಮನೆಯಲ್ಲೂ “ಈಗ ಎಷ್ಟು ಬಾವಿ ಇವೆ” ಎನ್ನುವುದಕ್ಕೆ ಬದಲು “ಇಲ್ಲಿಯವರೆಗೆ ಎಷ್ಟು ಕೊರೆಸಿದಿರಿ” ಎಂದು ಕೇಳಬೇಕು. ಕೊರೆಸಿದ ವರ್ಷ, ಆಳ, ನೀರು ಬಂದ ಆಳ, ಎಷ್ಟು ವರ್ಷ ನಡೆಯಿತು, ಹಣ ಎಲ್ಲಿಂದ ಬಂತು, ಈ ಐದು ಅಂಶ ಸಾಕು. ಒಬ್ಬ ರೈತ ನಾಲ್ಕು ಬಾವಿ ಕೊರೆಸಿ ಒಂದರಲ್ಲಿ ಮಾತ್ರ ನೀರು ಕಂಡಿದ್ದರೆ, ಆ ಒಂದು ಬಾವಿಯ ನೀರಿಗೆ ಅವನು ತೆತ್ತಿರುವುದು ನಾಲ್ಕು ಬಾವಿಯ ಬೆಲೆ. ವರ್ಷವಾರು ಪಟ್ಟಿ ಮಾಡಿ ಗೋಡೆಗೆ ಹಚ್ಚಿದರೆ, ಆಳ ಹೇಗೆ ಹೆಚ್ಚುತ್ತಾ ಬಂದಿದೆ, ಬಾವಿಯ ಆಯುಸ್ಸು ಹೇಗೆ ಕುಗ್ಗುತ್ತಾ ಬಂದಿದೆ ಎಂದು ಊರೇ ನೋಡಿಕೊಳ್ಳುತ್ತದೆ. ಐದನೆಯ ಬಾವಿ ಕೊರೆಸಲು ಹೆಂಡತಿಯ ಒಡವೆ ಅಡವಿಡಬೇಕೇ ಬೇಡವೇ ಎಂದು ಯೋಚಿಸುವ ರೈತನಿಗೆ ಈ ಪಟ್ಟಿಗಿಂತ ಒಳ್ಳೆಯ ಸಲಹೆ ಬೇರೊಂದಿಲ್ಲ.

4. ಹೊಸ ತಳಿಯನ್ನು ಏಕೆ ಒಪ್ಪಿದರು, ಏಕೆ ಬಿಟ್ಟರು?

ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಮುಸುಕಿನ ಜೋಳ ಹರಡಿದ ಬಗೆಯನ್ನು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. ಅವರು ಮಾತನಾಡಿಸಿದ 259 ರೈತರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಹೊಸ ಬೀಜಕ್ಕೆ ಬಂದಿದ್ದರು. ಆದರೆ ಹಾಗೆ ಬರಲು ಹತ್ತಕ್ಕೂ ಹೆಚ್ಚು ವರ್ಷ ಹಿಡಿದಿತ್ತು. ಬೀಜದ ಸುದ್ದಿ ಹೆಚ್ಚಿನವರಿಗೆ ಮೊದಲು ತಿಳಿದದ್ದು ಮಾರಾಟಗಾರರಿಂದ, ನಂಬಿಕೆ ಹುಟ್ಟಿದ್ದು ನೆರೆಹೊರೆಯ ರೈತರಿಂದ. ಮೊದಲ ವರ್ಷವೇ ಇಡೀ ಹೊಲಕ್ಕೆ ಹಾಕದೆ ಸ್ವಲ್ಪ ಜಾಗದಲ್ಲಿ ಹಾಕಿ ನೋಡಿದವರೇ ಬಹಳ. ವಿಸ್ತರಣಾ ಶಿಕ್ಷಣದ ತಳಹದಿಯಲ್ಲಿರುವ ಅಧ್ಯಯನವಿದು.

ಮುಂದೆ 1962ರಲ್ಲಿ ಎವರೆಟ್ ರೋಜರ್ಸ್ ಅವರು ಹೊಸತನ್ನು ಸ್ವೀಕರಿಸುವವರನ್ನು ಐದು ಗುಂಪುಗಳಾಗಿ ವಿಂಗಡಿಸಿದರು. ಕೊನೆಯ ಗುಂಪನ್ನು ನಮ್ಮ ವಿದ್ಯಾರ್ಥಿಗಳು “ಹಿಂದುಳಿದವರು” ಎಂದು ಬರೆದುಬಿಡುತ್ತಾರೆ. ಹಾಗೆ ಬರೆಯುವ ಮೊದಲು ಕಾರಣ ಕೇಳಿ. ಹೆಚ್ಚು ಕಾಳು ಕೊಡುವ ರಾಗಿ ತಳಿಯನ್ನು ಒಬ್ಬ ರೈತ ಬಿಟ್ಟಿದ್ದರೆ ಅವನಿಗೆ ದನದ ಮೇವಿಗೆ ಉದ್ದನೆಯ ಹುಲ್ಲು ಬೇಕಾಗಿರಬಹುದು. ಅವನ ಹೊಲದಲ್ಲಿ ಮಣ್ಣು ತೆಳುವಾಗಿರಬಹುದು, ಮಳೆ ತಡವಾಗಿ ಬಂದಿರಬಹುದು, ಮುದ್ದೆಯ ರುಚಿ ಮನೆಯವರಿಗೆ ಹಿಡಿಸದೆ ಇರಬಹುದು. ಇವೆಲ್ಲ ತಳಿ ಅಭಿವೃದ್ಧಿಪಡಿಸುವ ವಿಜ್ಞಾನಿಗೆ ಬೇಕಾದ ಮಾಹಿತಿ. ಒಪ್ಪಿದ ಹದಿನೈದು ಮಂದಿ, ಒಪ್ಪಿ ಬಿಟ್ಟ ಹದಿನೈದು ಮಂದಿ, ಮುಟ್ಟಿಯೇ ನೋಡದ ಹದಿನೈದು ಮಂದಿ, ಈ ಮೂರು ಗುಂಪುಗಳನ್ನು ಕೇಳಿ ಕಾರಣಗಳನ್ನು ಪಟ್ಟಿ ಮಾಡಿ ಸಂಶೋಧನಾ ಕೇಂದ್ರಕ್ಕೆ ಕಳಿಸಿದರೆ, ಅದು ರೈತನ ಮಾತನ್ನು ಪ್ರಯೋಗಶಾಲೆಗೆ ಮುಟ್ಟಿಸಿದಂತೆ.

5. ಮನೆಯ ಹೆಂಗಸರ ಒಂದು ದಿನ

2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಮಹಿಳೆಯರು ನೂರಕ್ಕೆ ಸುಮಾರು 14 ಮಾತ್ರ. ಆದರೆ ನಾಟಿ, ಕಳೆ, ಕೊಯ್ಲು, ಬೀಜ ಆರಿಸುವುದು, ಹಾಲು ಕರೆಯುವುದು ಯಾರ ಕೈಯಲ್ಲಿ ನಡೆಯುತ್ತದೆ ಎಂದು ನಿಮಗೆಲ್ಲ ಗೊತ್ತು. ಎಂಟು ಹತ್ತು ಮನೆಗಳಲ್ಲಿ, ಕೋಳಿ ಕೂಗಿದಾಗಿನಿಂದ ದೀಪ ಆರಿಸುವವರೆಗೆ ಗಂಡಸು ಏನೇನು ಮಾಡಿದ, ಹೆಂಗಸು ಏನೇನು ಮಾಡಿದಳು ಎಂದು ಗಂಟೆಗಂಟೆಗೆ ಬರೆಯಿರಿ. ಬಿಡುವಿನ ಕಾಲದಲ್ಲಿ ಒಂದು ದಿನ, ಸುಗ್ಗಿಯಲ್ಲಿ ಒಂದು ದಿನ ಬರೆದರೆ ಉತ್ತಮ. ತರಬೇತಿ, ಸಭೆಗಳನ್ನು ಹೆಂಗಸರಿಗೆ ಬಿಡುವಿಲ್ಲದ ಹೊತ್ತಿನಲ್ಲೇ ಇಟ್ಟು “ಅವರು ಬರುವುದಿಲ್ಲ” ಎಂದು ದೂರುವ ವಿಸ್ತರಣಾ ಕಾರ್ಯಕರ್ತರಿಗೆ ಈ ಪಟ್ಟಿ ಒಳ್ಳೆಯ ಪಾಠ. ಈ ಕೆಲಸವನ್ನು ವಿದ್ಯಾರ್ಥಿನಿಯರು ಹೆಚ್ಚು ಚೆನ್ನಾಗಿ ಮಾಡಬಲ್ಲರು.

ಇನ್ನೂ ಅನೇಕ ವಿಷಯಗಳಿವೆ. ಮಾರುಕಟ್ಟೆಗೆ ಹೋದ ಇಪ್ಪತ್ತು ಲೋಡು ಟೊಮೆಟೊದ ಪಟ್ಟಿಗಳನ್ನು ಕೂಡಿಹಾಕಿ, ಸಾಗಾಣಿಕೆ, ಹಮಾಲಿ, ತೂಕದ ಕಡಿತ ಕಳೆದು ರೈತನ ಕೈಗೆ ಎಷ್ಟು ಬಂತೆಂದು ನೋಡಬಹುದು. 1905ರಲ್ಲೇ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಇಂದು ನಿಮ್ಮ ಊರಿನಲ್ಲಿ ತುರ್ತಿಗೆ ಸಾಲ ಬೇಕಾದವನು ಮೊದಲು ಯಾರ ಮನೆಯ ಬಾಗಿಲಿಗೆ ಹೋಗುತ್ತಾನೆ ಎಂದು ಕೇಳಬಹುದು. ಹತ್ತನೆಯ ತರಗತಿ ಮುಗಿಸಿದ ಹುಡುಗ ಹುಡುಗಿಯರಲ್ಲಿ ಎಷ್ಟು ಮಂದಿ ಊರಿನಲ್ಲಿ ಉಳಿದರು ಎಂದು ಶಾಲೆಯ ದಾಖಲೆ ಹಿಡಿದು ಎಣಿಸಬಹುದು.

ಯಾರನ್ನು ಕೇಳಬೇಕು?

ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. ರಾಬರ್ಟ್ ಚೇಂಬರ್ಸ್ ಎಂಬ ವಿದ್ವಾಂಸರು 1983ರಲ್ಲಿ ಬರೆದ ಗ್ರಂಥದಲ್ಲಿ ಹೊರಗಿನಿಂದ ಹಳ್ಳಿಗೆ ಬರುವವರ ಕಣ್ಣಿಗೆ ಬಡವರು ಏಕೆ ಬೀಳುವುದಿಲ್ಲ ಎಂದು ವಿವರಿಸಿದ್ದಾರೆ. ಬರುವವರು ಡಾಂಬರು ರಸ್ತೆಯ ಬದಿಯಲ್ಲೇ ನಿಲ್ಲುತ್ತಾರೆ. ಮಳೆಗಾಲ ಬಿಟ್ಟು ಒಣ ದಿನಗಳಲ್ಲಿ ಬರುತ್ತಾರೆ. ಊರ ಮುಖಂಡರನ್ನು, ಅದರಲ್ಲೂ ಗಂಡಸರನ್ನು ಕಾಣುತ್ತಾರೆ. ವಿದ್ಯಾರ್ಥಿಯೂ ಉಳಿದುಕೊಂಡ ಮನೆಯ ಸುತ್ತಮುತ್ತ ಕೇಳಿ ಮುಗಿಸಿದರೆ ಸಿಗುವುದು ಆ ಬೀದಿಯ ಸುದ್ದಿ ಮಾತ್ರ.

ಇದಕ್ಕೆ ಸುಲಭವಾದ ಉಪಾಯವಿದೆ. ಅಂಗನವಾಡಿ ಕಾರ್ಯಕರ್ತೆಯ ಬಳಿ ಊರಿನ ಮನೆಗಳ ಪಟ್ಟಿ ಇರುತ್ತದೆ. ಊರಿನಲ್ಲಿ 240 ಮನೆಗಳಿದ್ದು ನಿಮಗೆ 40 ಮನೆ ಸಾಕೆಂದರೆ, ಆರು ಮನೆಗೆ ಒಂದರಂತೆ ಬರುತ್ತದೆ. ಒಂದರಿಂದ ಆರರವರೆಗೆ ಚೀಟಿ ಬರೆದು ಒಂದನ್ನು ಎತ್ತಿಸಿ. ನಾಲ್ಕು ಬಂದರೆ ನಾಲ್ಕು, ಹತ್ತು, ಹದಿನಾರು, ಇಪ್ಪತ್ತೆರಡು ಹೀಗೆ ಮುಂದುವರಿಯಿರಿ. ಆಗ ತೋಟದ ಮನೆಯೂ ಬರುತ್ತದೆ, ಕಾಲನಿಯ ಮನೆಯೂ ಬರುತ್ತದೆ. ಅಂತರರಾಷ್ಟ್ರೀಯ ಸಂಸ್ಥೆಯಾದ ಇಕ್ರಿಸ್ಯಾಟ್ 1975ರಲ್ಲಿ ಆಂಧ್ರ ಮತ್ತು ಮಹಾರಾಷ್ಟ್ರಗಳ ಆರು ಹಳ್ಳಿಗಳಲ್ಲಿ ಅಧ್ಯಯನ ಆರಂಭಿಸಿದಾಗ ಪ್ರತಿ ಹಳ್ಳಿಯಿಂದ 40 ಮನೆ ಆರಿಸಿಕೊಂಡು, ಅದರಲ್ಲಿ 10 ಮನೆಗಳು ಭೂಮಿಯಿಲ್ಲದ ಕೂಲಿಗಾರರದ್ದೇ ಇರುವಂತೆ ನೋಡಿಕೊಂಡಿತು. ಬೇಸಾಯದ ಅಧ್ಯಯನವೆಂದು ಕೂಲಿಗಾರರನ್ನು ಬಿಡಬಾರದು. ಬೇಸಾಯ ನಡೆಯುವುದು ಅವರ ಕೈಯಿಂದಲೂ.

ಹೇಗೆ ಕೇಳಬೇಕು?

ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟು ಕೇಳಬೇಡಿ. “ನೀವು ಬೀಜೋಪಚಾರ ಮಾಡುತ್ತೀರಿ ಅಲ್ಲವೇ?” ಎಂದರೆ ಮನೆಗೆ ಬಂದ ಹುಡುಗನಿಗೆ ಬೇಸರವಾಗದಿರಲಿ ಎಂದು ಎಲ್ಲರೂ ಹೌದೆನ್ನುತ್ತಾರೆ. “ಈ ಮುಂಗಾರಿನಲ್ಲಿ ಬಿತ್ತುವ ಮೊದಲು ಬೀಜಕ್ಕೆ ಏನೇನು ಮಾಡಿದಿರಿ?” ಎಂದು ಕೇಳಿದರೆ ನಡೆದದ್ದು ಹೊರಬರುತ್ತದೆ.

ರೈತರ ಅಳತೆ, ರೈತರ ಕಾಲಗಣನೆಯಲ್ಲೇ ಕೇಳಿ. “ಜೂನ್ ಎಷ್ಟನೆಯ ತಾರೀಖು ಬಿತ್ತಿದಿರಿ” ಎಂದರೆ ತಡವರಿಸುವವರು “ಮೃಗಶಿರ ಮಳೆಯಲ್ಲೋ ಆರಿದ್ರದಲ್ಲೋ” ಎಂದರೆ ತಟ್ಟನೆ ಹೇಳುತ್ತಾರೆ. ಸೇರು, ಕೊಳಗ, ಪಲ್ಲ, ಖಂಡುಗಗಳಲ್ಲಿ ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ. ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಯ ಕೊಳಗಕ್ಕೆ ಸಮವಲ್ಲ. ಆದ್ದರಿಂದ ಆ ಮನೆಯ ಕೊಳಗದಲ್ಲಿ ಕಾಳು ತುಂಬಿಸಿ ತೂಗಿ ನೋಡಿ, ಅನಂತರ ಕಿಲೋಗೆ ತಿರುಗಿಸಿ.

ಪ್ರಶ್ನಾವಳಿಯನ್ನು ಮೊದಲು ಪಕ್ಕದ ಊರಿನ ನಾಲ್ಕೈದು ಮನೆಗಳಲ್ಲಿ ಪರೀಕ್ಷಿಸಿ. ಅಲ್ಲಿ ಜನ ಅರ್ಥವಾಗದೆ ಮುಖ ನೋಡಿದ ಪ್ರಶ್ನೆಗಳನ್ನು ತೆಗೆದುಹಾಕಿ. ಮುಕ್ಕಾಲು ಗಂಟೆ ಮೀರಬೇಡಿ. ಸಾಲ, ಕಾಯಿಲೆ, ಮನೆ ಜಗಳಗಳ ಮಾತನ್ನು ನಾಲ್ಕು ಜನರ ಎದುರಿನಲ್ಲಿ ಎತ್ತಬೇಡಿ. “ಬೇಡ” ಎಂದವರನ್ನು ಒತ್ತಾಯಿಸಬೇಡಿ.

ಬರೆದುಕೊಂಡದ್ದನ್ನು ಎರಡು ಕಡೆ ಇಡಿ. ನಮ್ಮ ನಾಡಿನ ಹೆಸರಾಂತ ಸಮಾಜ ವಿಜ್ಞಾನಿ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನೆಲೆಸಿ ಕಲೆಹಾಕಿದ್ದ ಮಾಹಿತಿಯ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಅಮೆರಿಕದಲ್ಲಿ ಒಂದೇ ಕಡೆ ಇದ್ದಾಗ ಬೆಂಕಿಗೆ ಸಿಕ್ಕವು. ಅವರು ನೆನಪಿನಿಂದಲೇ ಆ ಹಳ್ಳಿಯನ್ನು ಕುರಿತ ಗ್ರಂಥ ಬರೆದು 1976ರಲ್ಲಿ ಹೊರತಂದರು. ಅಂಥ ನೆನಪು ಎಲ್ಲರಿಗೂ ಇರುವುದಿಲ್ಲ.

ಸರಾಸರಿಯ ಬಗ್ಗೆ ಎಚ್ಚರ

ಲೆಕ್ಕ ಹಾಕುವಾಗ ಒಂದು ವಿಷಯ ಮರೆಯಬಾರದು. ಐದು ಜನ ರೈತರಿಗೆ ಕ್ರಮವಾಗಿ 1, 1, 2, 2 ಮತ್ತು 14 ಎಕರೆ ಇದೆ ಎನ್ನೋಣ. ಒಟ್ಟು 20 ಎಕರೆ, ಸರಾಸರಿ 4 ಎಕರೆ. ಆದರೆ ನಾಲ್ಕು ಎಕರೆ ಇರುವವನು ಆ ಐವರಲ್ಲಿ ಒಬ್ಬನೂ ಇಲ್ಲ. “ಈ ಊರಿನ ರೈತರಿಗೆ ಸರಾಸರಿ ನಾಲ್ಕು ಎಕರೆ ಇದೆ” ಎಂದು ಬರೆದ ವರದಿಯನ್ನು ನಂಬಿ ಯೋಜನೆ ಮಾಡಿದರೆ ಐವರಲ್ಲಿ ನಾಲ್ವರಿಗೆ ಅದು ಹೊಂದುವುದಿಲ್ಲ. ಸರಾಸರಿಯ ಜೊತೆಗೆ ಎಷ್ಟು ಜನ ಯಾವ ಗುಂಪಿನಲ್ಲಿದ್ದಾರೆ ಎಂದು ತಪ್ಪದೆ ತೋರಿಸಿ.

ಉತ್ತರವನ್ನು ಊರಿಗೆ ಒಪ್ಪಿಸಿ

ಈಗೀಗ ವಿದ್ಯಾರ್ಥಿಗಳು ಊರವರನ್ನು ಸೇರಿಸಿ ನೆಲದ ಮೇಲೆ ರಂಗೋಲಿ ಪುಡಿಯಿಂದ ಹಳ್ಳಿಯ ನಕ್ಷೆ ಬರೆಸುತ್ತಾರೆ. ಜನ ಉತ್ಸಾಹದಿಂದ ಕೆರೆ, ಬಾವಿ, ಗೋಮಾಳ, ದೇವಸ್ಥಾನ ಎಲ್ಲವನ್ನೂ ಗುರುತಿಸುತ್ತಾರೆ. ಫೋಟೋ ತೆಗೆದುಕೊಂಡು ಹುಡುಗರು ಹೊರಡುತ್ತಾರೆ, ಸಂಜೆಯ ಗಾಳಿಗೆ ನಕ್ಷೆ ಹಾರಿಹೋಗುತ್ತದೆ. ಹಾಗಾಗಬಾರದು. ಅದನ್ನು ದೊಡ್ಡ ಕಾಗದಕ್ಕೆ ಇಳಿಸಿ, ಒಂದು ಪ್ರತಿ ಪಂಚಾಯಿತಿ ಕಚೇರಿಯಲ್ಲಿ, ಒಂದು ಪ್ರತಿ ಶಾಲೆಯಲ್ಲಿ ಉಳಿಯುವಂತೆ ಮಾಡಿ. ನಿಮ್ಮ ಅಧ್ಯಯನದ ಸಾರಾಂಶವನ್ನು ಕನ್ನಡದಲ್ಲಿ ಎರಡು ಪುಟ ಬರೆದು ಕೊಡಿ. ಹೊರಡುವ ಮುನ್ನ ಒಂದು ಸಂಜೆ ಊರವರನ್ನು ಸೇರಿಸಿ ಓದಿ ಹೇಳಿ. “ಇದು ತಪ್ಪು, ಹೀಗಲ್ಲ” ಎಂದು ಯಾರಾದರೂ ಎದ್ದು ಹೇಳಿದರೆ ಸಂತೋಷಪಡಿ, ಬರೆದುಕೊಳ್ಳಿ, ತಿದ್ದಿ. ಮುಂದಿನ ವರ್ಷ ಬರುವ ತಂಡವು ಅದೇ ಪುಟಗಳಿಂದ ಆರಂಭಿಸಲಿ. ಆಗ ಹಿಂದಿನವರು ಕೇಳಿದ್ದನ್ನೇ ಮತ್ತೆ ಕೇಳಿ ಜನರನ್ನು ದಣಿಸುವುದು ತಪ್ಪುತ್ತದೆ.

ರೈತ ಬಾಂಧವರಿಗೂ ಒಂದು ಮಾತು. ನಿಮ್ಮ ಊರಿಗೆ ವಿದ್ಯಾರ್ಥಿಗಳು ಬಂದಾಗ, ಅವರು ಕೇಳುವ ಮೊದಲು ನೀವೇ ಕೇಳಿ: “ಏನನ್ನು ತಿಳಿಯಲು ಬಂದಿದ್ದೀರಿ? ಅದರಿಂದ ನಮಗೇನು? ಉತ್ತರವನ್ನು ಎಂದು ಹೇಳುತ್ತೀರಿ?” ಗ್ರಾಮ ಸಭೆಯಲ್ಲಿ ಕುಳಿತು ನಿಮ್ಮ ಊರಿಗೆ ಉತ್ತರ ಬೇಕಾದ ಎರಡು ಮೂರು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಹಳೆಯ ಪಟ್ಟಿ, ರಸೀದಿ, ಪಹಣಿಗಳನ್ನು ಜೋಪಾನ ಮಾಡಿ. ವಿಸ್ತರಣಾ ಕಾರ್ಯಕರ್ತರು ಆ ಪ್ರಶ್ನೆಗಳನ್ನು ಕಾಲೇಜಿಗೆ ಮುಂಚಿತವಾಗಿ ತಲಪಿಸಿದರೆ ವಿದ್ಯಾರ್ಥಿಗಳ ಅರ್ಧ ಕೆಲಸ ಮುಗಿದಂತೆ.

ವಿದ್ಯಾರ್ಥಿ ಮಿತ್ರರೇ, ನಾಳೆ ನೀವು ಅಧಿಕಾರಿಗಳಾಗುತ್ತೀರಿ, ಬ್ಯಾಂಕಿನವರಾಗುತ್ತೀರಿ, ಕೆಲವರು ರೈತರೇ ಆಗುತ್ತೀರಿ. ಆಗ ಕಾಗದದ ಮೇಲಿನ ಅಂಕಿಯನ್ನು ನೋಡಿದಾಗ ಅದರ ಹಿಂದೆ ಯಾವ ಮನೆ ಇದೆ, ಯಾರನ್ನು ಕೇಳದೆ ಬಿಟ್ಟಿದ್ದಾರೆ ಎಂದು ಯೋಚಿಸುವ ಅಭ್ಯಾಸ ನಿಮಗಿರಬೇಕು. ಆ ಅಭ್ಯಾಸವನ್ನು ಕಲಿಯಲು ಈ ಕೆಲವು ವಾರಗಳಿಗಿಂತ ಒಳ್ಳೆಯ ಅವಕಾಶ ಮತ್ತೆ ಸಿಗುವುದು ಕಷ್ಟ. ನಿಮ್ಮ ಅಧ್ಯಯನ ಹಳ್ಳಿಯವರ ಕೆಲಸಕ್ಕೆ ಬರಲಿ ಎಂದು ಹಾರೈಸುತ್ತೇನೆ.